ಮಗ್ಗುಲು ಬದಲಿಸುವ ಕೋಸಿ

ಮಿಥಿಲೆಗೆ ಹೋಗುವ ದಾರಿಯಲ್ಲಿ ಶೋಣಾ ನದಿಯ ದಂಡೆಯ ಮೇಲೆ ಒಂದು ರಾತ್ರಿ ತಂಗಿದಾಗ ವಿಶ್ವಾಮಿತ್ರ ತನ್ನ ವಂಶದ ಕಥೆಯನ್ನು ರಾಮಲಕ್ಷ್ಮಣರಿಗೆ ಹೇಳುತ್ತಾನೆ. ಆತನ ಅಕ್ಕ ಸತ್ಯವತಿ, ಋಚೀಕ ಮುನಿಯ ಹೆಂಡತಿ. ಗಂಡನ ಹಿಂದೆಯೇ ಸಶರೀರವಾಗಿ ಸ್ವರ್ಗಕ್ಕೆ ಹೋದವಳು ಲೋಕಹಿತಕ್ಕಾಗಿ ನದಿಯಾಗಿ ಹಿಮಾಲಯದಿಂದ ಇಳಿದು ಬಂದಳಂತೆ. ಅವಳೇ ಕೌಶಿಕಿ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಬರುವ ಈ ಕೌಶಿಕಿಯೇ ಇಂದಿನ ಕೋಸಿ ನದಿ.

ಶಾಲೆಯ ಭೂಗೋಳ ಪುಸ್ತಕಗಳಲ್ಲಿ ಇದೇ ನದಿಗೆ ಇನ್ನೊಂದು ಹೆಸರಿದೆ: ‘ಬಿಹಾರದ ದುಃಖ’. ಲೋಕಹಿತಕ್ಕಾಗಿ ಇಳಿದು ಬಂದವಳಿಗೆ ಈ ಹೆಸರು ಹೇಗೆ ಅಂಟಿಕೊಂಡಿತು? ಉತ್ತರ ಹುಡುಕಹೊರಟರೆ ಹಿಮಾಲಯದ ಹುಟ್ಟಿನಿಂದ ಹಿಡಿದು ಎರಡು ದೇಶಗಳ ರಾಜತಾಂತ್ರಿಕ ಕಡತಗಳವರೆಗೆ ಹೋಗಬೇಕಾಗುತ್ತದೆ. ನದಿಗೆ ತನ್ನದೇ ಆದ ಒಂದು ಸ್ವಭಾವವಿದೆ. ಆ ಸ್ವಭಾವದ ಮೇಲೆ ಮನುಷ್ಯ ಗಡಿಯನ್ನೆಳೆದ, ಗಡಿಯ ಮೇಲೆ ಬ್ಯಾರೇಜು ಕಟ್ಟಿದ, ಬ್ಯಾರೇಜಿನ ಎರಡೂ ಬದಿಗೆ ಮಣ್ಣಿನ ಒಡ್ಡು ಹಾಕಿದ. ಕೋಸಿಯ ಕಥೆ ಈ ನಾಲ್ಕೂ ಸೇರಿ ಆದದ್ದು.

ಏಳು ನದಿಗಳ ಕೂಟ

ನೇಪಾಳದಲ್ಲಿ ಈ ನದಿ ‘ಸಪ್ತಕೋಶಿ’. ಇಂದ್ರಾವತಿ, ಸುನ್ ಕೋಶಿ, ತಾಮಾ ಕೋಶಿ, ಲಿಖು, ದೂಧ್ ಕೋಶಿ, ಅರುಣ್ ಮತ್ತು ತಮೋರ್ ಎಂಬ ಏಳು ನದಿಗಳು ಕೂಡಿ ಆದದ್ದರಿಂದ ಆ ಹೆಸರು. ಸುನ್ ಎಂದರೆ ಚಿನ್ನ, ತಾಮಾ ಎಂದರೆ ತಾಮ್ರ, ದೂಧ್ ಎಂದರೆ ಹಾಲು. ಎವರೆಸ್ಟ್ ಶಿಖರದ ದಕ್ಷಿಣದ ಹಿಮನದಿಗಳು ಕರಗಿದ ನೀರು ದೂಧ್ ಕೋಶಿಗೆ ಬರುತ್ತದೆ. ಕಾಂಚನಗಂಗಾದ ಕಡೆಯದು ತಮೋರಿಗೆ. ಪಶ್ಚಿಮದ ನದಿಗಳೆಲ್ಲ ಒಂದೊಂದಾಗಿ ಸುನ್ ಕೋಶಿಯನ್ನು ಸೇರಿಕೊಳ್ಳುತ್ತವೆ. ಕೊನೆಗೆ ಪಶ್ಚಿಮದಿಂದ ಸುನ್ ಕೋಶಿ, ಉತ್ತರದಿಂದ ಅರುಣ್, ಪೂರ್ವದಿಂದ ತಮೋರ್ ಬಂದು ತ್ರಿವೇಣಿ ಎಂಬಲ್ಲಿ ಕೂಡುತ್ತವೆ. ಒಟ್ಟು ನೀರಿನಲ್ಲಿ ಸುನ್ ಕೋಶಿಯ ಪಾಲು ಸುಮಾರು ಶೇಕಡಾ 44, ಅರುಣ್‌ನದು 37, ತಮೋರ್‌ನದು 19.

ಇವುಗಳಲ್ಲಿ ಅರುಣ್ ನದಿಯದು ವಿಶೇಷ ಕಥೆ. ಅದು ಹುಟ್ಟುವುದು ಹಿಮಾಲಯದ ಆಚೆ, ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ. ಅಲ್ಲಿ ಅದರ ಹೆಸರು ಪುಂಗ್ ಚು. ಬಹುದೂರ ಪೂರ್ವಕ್ಕೆ ಹರಿದು, ಆಮೇಲೆ ದಕ್ಷಿಣಕ್ಕೆ ತಿರುಗಿ, ಮಕಾಲು ಮತ್ತು ಕಾಂಚನಗಂಗಾ ಶಿಖರಗಳ ನಡುವೆ ಹಿಮಾಲಯವನ್ನೇ ಸೀಳಿಕೊಂಡು ನೇಪಾಳಕ್ಕೆ ಇಳಿಯುತ್ತದೆ. ಜಗತ್ತಿನ ಅತಿ ಎತ್ತರದ ಪರ್ವತಸಾಲನ್ನು ಒಂದು ನದಿ ಹೇಗೆ ದಾಟೀತು? ಭೂವಿಜ್ಞಾನಿಗಳಲ್ಲಿ ಅನೇಕರು ಕೊಡುವ ಉತ್ತರ ಸರಳ: ನದಿ ಪರ್ವತಕ್ಕಿಂತ ಹಳೆಯದು. ಹಿಮಾಲಯ ಏಳುತ್ತಾ ಹೋದಂತೆ ನದಿ ತನ್ನ ದಾರಿಯನ್ನು ಬಿಟ್ಟುಕೊಡದೆ ಕೊರೆಯುತ್ತಾ ಹೋಯಿತು.

ತ್ರಿವೇಣಿಯಿಂದ ಕೆಳಗೆ ಸುಮಾರು ಹತ್ತು ಕಿಲೋಮೀಟರ್ ದೂರ ಇಡೀ ನೀರು ಒಂದು ಇಕ್ಕಟ್ಟಾದ ಕಮರಿಯಲ್ಲಿ ನುಗ್ಗುತ್ತದೆ. ವರಾಹಾವತಾರದ ಕ್ಷೇತ್ರವೆಂದು ಪ್ರಸಿದ್ಧವಾದ ಬರಾಹಕ್ಷೇತ್ರ ಇರುವುದು ಇಲ್ಲೇ. ಕಮರಿ ಮುಗಿಯುವ ಚತರಾ ಎಂಬಲ್ಲಿ ಬೆಟ್ಟಗಳು ಥಟ್ಟನೆ ನಿಂತುಬಿಡುತ್ತವೆ. ಮುಂದೆ ಎಲ್ಲ ಬಯಲು. ಎವರೆಸ್ಟಿನ ತುದಿಯಿಂದ ಚತರಾಗೆ ನೇರವಾಗಿ ಒಂದು ಗೆರೆ ಎಳೆದರೆ ಅದರ ಉದ್ದ ಸುಮಾರು ನೂರಮೂವತ್ತು ಕಿಲೋಮೀಟರ್. ಇಷ್ಟು ಚಿಕ್ಕ ಅಂತರದಲ್ಲಿ ಎಂಟು ಸಾವಿರ ಮೀಟರಿಗೂ ಹೆಚ್ಚು ಇಳಿಜಾರು. ಕೋಸಿಯ ಸ್ವಭಾವದ ಗುಟ್ಟೆಲ್ಲ ಈ ಒಂದು ಲೆಕ್ಕದಲ್ಲಿದೆ.

ನದಿಯೇ ಹಾಸಿದ ನೆಲ

ಕೋಸಿಯ ಜಲಾನಯನ ಪ್ರದೇಶ ಸುಮಾರು 74,500 ಚದರ ಕಿಲೋಮೀಟರ್. ಇದರಲ್ಲಿ ಭಾರತದ ಪಾಲು ಹನ್ನೊಂದು ಸಾವಿರದಷ್ಟು ಮಾತ್ರ. ಉಳಿದದ್ದೆಲ್ಲ ಟಿಬೆಟ್ ಮತ್ತು ನೇಪಾಳದಲ್ಲಿ. ಈ ಪರ್ವತಗಳು ಇನ್ನೂ ಎಳೆಯವು, ಸಡಿಲ ಮಣ್ಣು-ಕಲ್ಲಿನವು, ಮೇಲಿಂದ ಮೇಲೆ ಭೂಕಂಪಕ್ಕೆ ನಡುಗುವಂಥವು. ಮುಂಗಾರಿನ ನಾಲ್ಕು ತಿಂಗಳು ಬೀಳುವ ಮಳೆಗೆ ಗುಡ್ಡಗಳೇ ಜರಿದು ಹೊಳೆಗೆ ಬೀಳುತ್ತವೆ. ಹೀಗೆ ಕೋಸಿ ವರ್ಷಕ್ಕೆ ಸರಿಸುಮಾರು ಹತ್ತು ಕೋಟಿ ಘನ ಮೀಟರ್ ಹೂಳು, ಮರಳನ್ನು ಹೊತ್ತು ತರುತ್ತದೆ ಎಂಬ ಅಂದಾಜಿದೆ.

ಕಮರಿಯಲ್ಲಿ ರಭಸವಿದ್ದಾಗ ಎಷ್ಟು ಹೊರೆಯನ್ನಾದರೂ ನದಿ ಹೊರಬಲ್ಲದು. ಬಯಲಿಗೆ ಬಂದಕೂಡಲೇ ಓಟ ತಗ್ಗುತ್ತದೆ. ಹೊತ್ತದ್ದನ್ನು ಅಲ್ಲೇ ಇಳಿಸುತ್ತದೆ. ಇಳಿಸಿದ ಮರಳಿನಿಂದ ಅದರ ಪಾತ್ರವೇ ಎತ್ತರವಾಗುತ್ತದೆ. ಪಾತ್ರ ಅಕ್ಕಪಕ್ಕದ ನೆಲಕ್ಕಿಂತ ಎತ್ತರವಾದ ಮೇಲೆ ನೀರು ಅಲ್ಲೇ ಹರಿಯಬೇಕೆಂದಿಲ್ಲ. ಒಂದು ದೊಡ್ಡ ಪ್ರವಾಹ ಬಂದಾಗ ನದಿ ಮಗ್ಗುಲು ಬದಲಿಸಿ ತಗ್ಗಿನ ಕಡೆಗೆ ಹೊರಳುತ್ತದೆ. ಅಲ್ಲಿ ಮತ್ತೆ ಹೂಳು, ಮತ್ತೆ ಹೊರಳಾಟ. ಸಾವಿರಾರು ವರ್ಷ ಹೀಗೆ ಅತ್ತಿಂದಿತ್ತ ಹೊರಳಿ, ಚತರಾವನ್ನು ಹಿಡಿಯನ್ನಾಗಿ ಮಾಡಿಕೊಂಡು, ಕೋಸಿ ಒಂದು ಭಾರಿ ಬೀಸಣಿಗೆಯಾಕಾರದ ನೆಲವನ್ನು ಹಾಸಿದೆ. ಸುಮಾರು 180 ಕಿಲೋಮೀಟರ್ ಉದ್ದ, 150 ಕಿಲೋಮೀಟರ್ ಅಗಲದ ಈ ಮೆಕ್ಕಲು ಬೀಸಣಿಗೆ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಉತ್ತರ ಬಿಹಾರದ ಸುಪೌಲ್, ಸಹರ್ಸಾ, ಮಧೇಪುರಾ, ಪೂರ್ಣಿಯಾ ಮೊದಲಾದ ಜಿಲ್ಲೆಗಳು ಕುಳಿತಿರುವುದು ಈ ಬೀಸಣಿಗೆಯ ಮೇಲೆಯೇ. ಅಂದರೆ ‘ಬಿಹಾರದ ದುಃಖ’ ಎನಿಸಿಕೊಂಡ ನದಿಯೇ ಬಿಹಾರದ ಆ ಭಾಗವನ್ನು ಕಟ್ಟಿಕೊಟ್ಟದ್ದು.

1736ರ ಸುಮಾರಿಗೆ ಕೋಸಿ ಪೂರ್ಣಿಯಾ ಪಟ್ಟಣದ ಬಳಿ ಹರಿಯುತ್ತಿತ್ತು. ಅಲ್ಲಿಂದ ಹಂತಹಂತವಾಗಿ ಪಶ್ಚಿಮಕ್ಕೆ ಸರಿಯುತ್ತಾ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಸುಮಾರು 110 ಕಿಲೋಮೀಟರಿಗೂ ಆಚೆ ಹೋಗಿತ್ತು. ಬಿಟ್ಟುಹೋದ ದಾರಿಯಲ್ಲೆಲ್ಲ ಒಣಗಿದ ಪಾತ್ರಗಳು, ಮರಳುಗಾಡು, ಜೌಗು, ಮಡುಗಳು. 1809-10ರಲ್ಲಿ ಪೂರ್ಣಿಯಾ ಜಿಲ್ಲೆಯ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕಾನನ್, ನದಿಯ ಹಳೆಯ ಹಾದಿಗಳ ಬಗ್ಗೆ ಸ್ಥಳೀಯರು ಹೇಳುತ್ತಿದ್ದ ಮಾತುಗಳನ್ನು ಬರೆದಿಟ್ಟಿದ್ದಾನೆ. ಟಿಪ್ಪು ಮರಣಾನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಊರೂರಿನ ವಿವರ ಬರೆದ ಬುಕಾನನ್ ಈತನೇ. 1895ರಲ್ಲಿ ಎಫ್. ಎ. ಶಿಲ್ಲಿಂಗ್‌ಫರ್ಡ್ ಎಂಬಾತ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಕೋಸಿಯ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಪಶ್ಚಿಮಕ್ಕೆ ಸರಿಯುತ್ತಾ ಹೋಗುವ ನದಿ ಒಂದು ದಿನ ತಿರುಗಿ ಪೂರ್ವಕ್ಕೆ ಹೊರಳುತ್ತದೆ, ಆಗ ಅಪಾಯ ತಪ್ಪಿದ್ದಲ್ಲ ಎಂಬುದು ಅದರ ಸಾರ. ಆ ಎಚ್ಚರಿಕೆ ಗ್ರಂಥಾಲಯದ ಕಪಾಟಿನಲ್ಲಿ ಉಳಿಯಿತು.

ಹಾಗಾದರೆ ಇಂಥ ನದಿಯ ಪಕ್ಕದಲ್ಲಿ ಜನ ಬದುಕಿದ್ದಾದರೂ ಹೇಗೆ? ಒಡ್ಡುಗಳಿಲ್ಲದ ಕಾಲದಲ್ಲಿ ಕೋಸಿಯ ನೀರು ನೂರಾರು ಕವಲುಗಳಲ್ಲಿ ಹಂಚಿಹೋಗುತ್ತಿತ್ತು. ಪ್ರವಾಹ ಬರುತ್ತಿತ್ತು, ಆದರೆ ತೆಳ್ಳಗೆ ಹರಡಿ ಕೆಲವು ದಿನಗಳಲ್ಲಿ ಇಳಿಯುತ್ತಿತ್ತು; ಹಿಂದೆ ಹೊಸ ಮಣ್ಣನ್ನು ಬಿಟ್ಟುಹೋಗುತ್ತಿತ್ತು. ಜನ ನೀರಿಗೆ ಹೊಂದುವ ಭತ್ತದ ತಳಿಗಳನ್ನು, ಸೆಣಬನ್ನು ಬೆಳೆದರು. ಮಡುಗಳಲ್ಲಿ ಮಖಾನಾ ಬೆಳೆದರು, ಮೀನು ಹಿಡಿದರು. ಬಿದಿರು-ಹುಲ್ಲಿನ ಮನೆ ಕಟ್ಟಿದರು. ನದಿ ಬಂದರೆ ಬಿಚ್ಚಿ ಬೇರೆಡೆ ಕಟ್ಟಿಕೊಂಡರು. ಮಲೇರಿಯಾ ಮತ್ತು ಕಾಲಾ ಅಜಾರ್ ಜ್ವರಗಳು ಮಾತ್ರ ಆ ಸೀಮೆಯನ್ನು ಹಿಂಡಿದವು. ನದಿ ಬಿಟ್ಟುಹೋದ ಬೀಳು ನೆಲದ ಬದುಕನ್ನು ಪೂರ್ಣಿಯಾ ಸೀಮೆಯವರೇ ಆದ ಹಿಂದಿ ಕಾದಂಬರಿಕಾರ ಫಣೀಶ್ವರನಾಥ ರೇಣು 1957ರ ‘ಪರತೀ: ಪರಿಕಥಾ’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ‘ಪರತೀ’ ಎಂದರೆ ಬೀಳು ಭೂಮಿ.

ಗಡಿ ಬಂದದ್ದು

ಚತರಾದಿಂದ ಸುಮಾರು ನಲವತ್ತು ಕಿಲೋಮೀಟರ್ ಕೆಳಗೆ ಕೋಸಿ ಇಂದಿನ ಭಾರತದ ಗಡಿಯನ್ನು ಮುಟ್ಟುತ್ತದೆ. ಈ ಗಡಿ ನದಿ ನೋಡಿ ಹಾಕಿದ್ದಲ್ಲ, ಯುದ್ಧ ಗೆದ್ದವರು ಹಾಕಿದ್ದು. 1814-16ರ ಯುದ್ಧದಲ್ಲಿ ಗೂರ್ಖಾ ರಾಜ್ಯವನ್ನು ಸೋಲಿಸಿದ ಈಸ್ಟ್ ಇಂಡಿಯಾ ಕಂಪನಿ ಸುಗೌಲಿ ಒಪ್ಪಂದದ ಮೂಲಕ ಬೆಟ್ಟದ ಬುಡದ ತರಾಯಿ ನೆಲವನ್ನು ಕಿತ್ತುಕೊಂಡಿತು. 1816ರ ಕೊನೆಯಲ್ಲಿ ಕೋಸಿಯಿಂದ ರಾಪ್ತಿವರೆಗಿನ ತರಾಯಿಯನ್ನು ನೇಪಾಳಕ್ಕೆ ಮರಳಿಸಿತು. ಹೀಗೆ ಕೊಟ್ಟು-ಪಡೆದ ವ್ಯವಹಾರದಲ್ಲಿ ಬಯಲಿನ ನಡುವೆ ಗಡಿಯ ಗೆರೆ ನಿಂತಿತು. ಎರಡೂ ಕಡೆಯ ಜನರ ಭಾಷೆ ಮೈಥಿಲಿಯೇ; ಹೆಣ್ಣು ಕೊಟ್ಟು ತರುವ ಸಂಬಂಧವೂ ಇತ್ತು, ಈಗಲೂ ಇದೆ. ಗಡಿ ದಾಟಲು ಇಂದಿಗೂ ಈ ಎರಡು ದೇಶಗಳ ಜನರಿಗೆ ವೀಸಾ ಬೇಕಿಲ್ಲ. ಆದರೆ ನದಿಯ ವಿಷಯದಲ್ಲಿ ಆ ಗೆರೆಗೆ ಭಾರಿ ಬೆಲೆ ಬಂತು. ಬೀಸಣಿಗೆಯ ಹಿಡಿ ಒಂದು ದೇಶಕ್ಕೆ, ಎಲೆ ಇನ್ನೊಂದು ದೇಶಕ್ಕೆ ಹೋಯಿತು. ಕೆಳಗಿನವರಿಗೆ ನೀರನ್ನು ಹಿಡಿಯಬೇಕೆಂದರೆ ಮೇಲಿನವರ ನೆಲ ಬೇಕು.

ಕಟ್ಟಬೇಕೆ, ಬಿಡಬೇಕೆ?

ಕೋಸಿಯನ್ನು ಕಟ್ಟಿಹಾಕುವ ಯೋಚನೆ ಬ್ರಿಟಿಷರ ಕಾಲದಿಂದಲೂ ಇತ್ತು. 1897ರಲ್ಲಿ ಕಲಕತ್ತೆಯಲ್ಲಿ ಈ ಕುರಿತು ಒಂದು ಸಭೆಯೇ ನಡೆಯಿತು. ಇಂಥ ನದಿಯನ್ನು ಉದ್ದಕ್ಕೂ ಒಡ್ಡು ಹಾಕಿ ನಿಯಂತ್ರಿಸುವುದು ಆಗುವ ಕೆಲಸವಲ್ಲ ಎಂಬ ಕಡೆಗೇ ತಜ್ಞರ ಒಲವಿತ್ತು. ಅದಕ್ಕೆ ಹಳೆಯ ಅನುಭವವೂ ಕಾರಣ. ಬಂಗಾಳದ ದಾಮೋದರ ನದಿಗೆ ಹಾಕಿದ್ದ ಒಡ್ಡುಗಳಿಂದ ಪ್ರವಾಹದ ಹಾನಿ ತಗ್ಗುವ ಬದಲು ಹೆಚ್ಚಾಗಿ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಲದಂಡೆಯ ಒಡ್ಡನ್ನು ಒಂದಷ್ಟು ದೂರ ಸರ್ಕಾರವೇ ತೆಗೆಸಿಹಾಕಬೇಕಾಗಿ ಬಂದಿತ್ತು. 1937ರ ನವೆಂಬರಿನಲ್ಲಿ ಪಟ್ನಾದಲ್ಲಿ ನಡೆದ ಪ್ರವಾಹ ಸಮ್ಮೇಳನದಲ್ಲಿ ಬಿಹಾರದ ಮುಖ್ಯ ಎಂಜಿನಿಯರ್ ಕ್ಯಾಪ್ಟನ್ ಹಾಲ್ ಒಡ್ಡುಗಳನ್ನು ನೇರವಾಗಿ ವಿರೋಧಿಸಿದರು. ಒಡ್ಡು ಪ್ರವಾಹವನ್ನು ತಡೆಯುವುದಿಲ್ಲ, ಮುಂದಕ್ಕೆ ಹಾಕಿ ದೊಡ್ಡದು ಮಾಡುತ್ತದೆ ಎಂಬುದು ಅವರ ವಾದ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಬೇರೆ ಯೋಚನೆ ಬಂತು. 1947ರ ಏಪ್ರಿಲ್ 6ರಂದು ನಿರ್ಮಲಿಯಲ್ಲಿ ನಡೆದ ಕೋಸಿ ಸಂತ್ರಸ್ತರ ಬೃಹತ್ ಸಮ್ಮೇಳನದಲ್ಲಿ, ನೇಪಾಳದ ಬರಾಹಕ್ಷೇತ್ರದ ಕಮರಿಗೆ ಅಡ್ಡಲಾಗಿ ಎತ್ತರದ ಅಣೆಕಟ್ಟು ಕಟ್ಟುವ ಯೋಜನೆಯನ್ನು ಕೇಂದ್ರದ ಮಂತ್ರಿ ಸಿ. ಎಚ್. ಭಾಭಾ ಸಾರಿದರು. ಹೂಳನ್ನು ಮೇಲೆಯೇ ಹಿಡಿದು, ನೀರನ್ನು ನಿಲ್ಲಿಸಿ, ವಿದ್ಯುತ್ತನ್ನೂ ತೆಗೆಯಬಹುದೆಂಬ ಲೆಕ್ಕಾಚಾರ. ಆದರೆ ಅಂದಾಜು ವೆಚ್ಚ ನೂರು ಕೋಟಿ ದಾಟಿ ಏರುತ್ತಾ ಹೋಯಿತು. ಹೊಸ ದೇಶದ ಬೊಕ್ಕಸ ಅದನ್ನು ತಾಳುವಂತಿರಲಿಲ್ಲ. 1934ರ ಜನವರಿ 15ರ ಭೀಕರ ಭೂಕಂಪವನ್ನು ಕಂಡ ಸೀಮೆಯಲ್ಲಿ ಅಷ್ಟು ಎತ್ತರದ ಕಟ್ಟೆ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯೂ ಇತ್ತು.

ಅಷ್ಟರಲ್ಲಿ 1953ರ ಪ್ರವಾಹ ಬಂತು. ಏನಾದರೂ ಮಾಡಲೇಬೇಕೆಂಬ ಒತ್ತಾಯ ಹೆಚ್ಚಿತು. ದೊಡ್ಡ ಅಣೆಕಟ್ಟನ್ನು ಬದಿಗಿಟ್ಟು, ಸುಮಾರು 37 ಕೋಟಿ ರೂಪಾಯಿಯ ಬ್ಯಾರೇಜು ಮತ್ತು ಒಡ್ಡುಗಳ ಯೋಜನೆಗೆ ಕೇಂದ್ರ ಒಪ್ಪಿತು. ಒಡ್ಡಿನ ಬಗೆಗಿದ್ದ ಅನುಮಾನ ತೊಡೆಯಲು ಎಂಜಿನಿಯರುಗಳಾದ ಕನ್ವರ್ ಸೇನ್ ಮತ್ತು ಡಾ. ಕೆ. ಎಲ್. ರಾವ್ 1954ರಲ್ಲಿ ಚೀನಾಕ್ಕೆ ಹೋಗಿ ಹಳದಿ ನದಿಯ ಒಡ್ಡುಗಳನ್ನು ನೋಡಿಕೊಂಡು ಬಂದರು. ಕೋಸಿಗೂ ಅದು ಆಗಬಹುದೆಂದು ವರದಿ ಕೊಟ್ಟರು. ಅದೇ ಹಳದಿ ನದಿಗೆ ‘ಚೀನಾದ ದುಃಖ’ ಎಂಬ ಹೆಸರಿತ್ತು. ಅದು ಒಡ್ಡು ಒಡೆದು ಪಾತ್ರ ಬದಲಿಸಿದ ಇತಿಹಾಸ ಕೋಸಿಯದಕ್ಕಿಂತಲೂ ದೊಡ್ಡದು. ಆದರೆ ಆ ಹೊತ್ತಿನ ಉತ್ಸಾಹದಲ್ಲಿ ಅದು ಗಣನೆಗೆ ಬರಲಿಲ್ಲ.

ಒಪ್ಪಂದ, ಬ್ಯಾರೇಜು

1954ರ ಏಪ್ರಿಲ್ 25ರಂದು ಕಠ್ಮಂಡುವಿನಲ್ಲಿ ಭಾರತದ ಪರವಾಗಿ ಗುಲ್ಜಾರಿಲಾಲ್ ನಂದಾ, ನೇಪಾಳದ ಪರವಾಗಿ ಮಹಾವೀರ ಶಂಶೇರ್ ಕೋಸಿ ಒಪ್ಪಂದಕ್ಕೆ ಸಹಿ ಹಾಕಿದರು. 1955ರ ಜನವರಿಯಲ್ಲಿ ಒಡ್ಡಿನ ಕೆಲಸ ಆರಂಭವಾಯಿತು. ಭಾರತ ಸೇವಕ ಸಮಾಜದ ಕರೆಗೆ ಓಗೊಟ್ಟು ಹಳ್ಳಿಹಳ್ಳಿಯ ಜನ ಶ್ರಮದಾನಕ್ಕೆ ಬಂದರು. ತಲೆಯ ಮೇಲೆ ಮಣ್ಣು ಹೊತ್ತವರಲ್ಲಿ ಮುಂದೆ ಅದೇ ಒಡ್ಡಿನ ಒಳಗೆ ಸಿಕ್ಕಿಬಿದ್ದವರೂ ಇದ್ದರು.

ಬ್ಯಾರೇಜಿಗೆ 1959ರಲ್ಲಿ ನೇಪಾಳದ ದೊರೆ ಮಹೇಂದ್ರ ಅಡಿಗಲ್ಲು ಹಾಕಿದರು. 1963ರ ಹೊತ್ತಿಗೆ ನದಿ ಬ್ಯಾರೇಜಿನ ಮೂಲಕ ಹಾಯತೊಡಗಿತು. 1,149 ಮೀಟರ್ ಉದ್ದ, 56 ಗೇಟುಗಳು. ಹೊರಬಿಡಬಲ್ಲ ನೀರು 9.5 ಲಕ್ಷ ಕ್ಯೂಸೆಕ್. ಭಾರತದ ಭೀಮನಗರದ ಹೆಸರಿನಿಂದ ಕರೆಯುವುದು ರೂಢಿಯಾದರೂ ಬ್ಯಾರೇಜು ನಿಂತಿರುವುದು ನೇಪಾಳದ ನೆಲದ ಮೇಲೆ. ಕಟ್ಟಿದ್ದು ಭಾರತ, ಗೇಟು ಎತ್ತಿ ಇಳಿಸುವುದು ಬಿಹಾರ ಸರ್ಕಾರದ ಎಂಜಿನಿಯರುಗಳು. ಅದರ ಮೇಲಿನ ರಸ್ತೆ ನೇಪಾಳದ ಪೂರ್ವ-ಪಶ್ಚಿಮ ಹೆದ್ದಾರಿಯ ಕೊಂಡಿ.

ನೇಪಾಳದಲ್ಲಿ ಈ ಒಪ್ಪಂದದ ಬಗ್ಗೆ ಮೊದಲಿನಿಂದಲೂ ಅಸಮಾಧಾನವಿತ್ತು. ನೆಲ ನಮ್ಮದು, ಮುಳುಗುವ ಹೊಲ ನಮ್ಮದು, ಲಾಭ ಮಾತ್ರ ಕೆಳಗಿನವರದು ಎಂಬ ದೂರು. 1966ರ ಡಿಸೆಂಬರ್ 19ರಂದು ಒಪ್ಪಂದವನ್ನು ತಿದ್ದಲಾಯಿತು. ನೆಲ ಭಾರತಕ್ಕೆ ಸೇರಿದ್ದಲ್ಲ, 199 ವರ್ಷದ ಗುತ್ತಿಗೆ ಮಾತ್ರ ಎಂದಾಯಿತು. ಮೇಲ್ಭಾಗದಲ್ಲಿ ತನಗೆ ಬೇಕಾದ ನೀರನ್ನು ಬಳಸಿಕೊಳ್ಳುವ ನೇಪಾಳದ ಹಕ್ಕನ್ನು ಒಪ್ಪಲಾಯಿತು. ಅಸಮಾಧಾನ ಅಷ್ಟಕ್ಕೇ ಆರಲಿಲ್ಲ. ಬ್ಯಾರೇಜಿನ ಹಿಂದೆ ಹರಡಿದ ನೀರು-ಹುಲ್ಲುಗಾವಲಿನಿಂದ ಒಂದು ಒಳ್ಳೆಯದೂ ಆಯಿತೆನ್ನಬೇಕು. 1976ರಲ್ಲಿ ಅಲ್ಲಿ ಕೋಶಿ ಟಪ್ಪು ವನ್ಯಧಾಮ ಸ್ಥಾಪನೆಯಾಯಿತು. ನೇಪಾಳದಲ್ಲಿ ‘ಅರ್ನಾ’ ಎಂದು ಕರೆಯುವ ಕಾಡೆಮ್ಮೆಗಳಿಗೆ ಆ ದೇಶದಲ್ಲಿ ಉಳಿದ ಮುಖ್ಯ ನೆಲೆ ಅದು.

ಒಡ್ಡಿನ ಒಳಗೆ, ಒಡ್ಡಿನ ಹೊರಗೆ

ಒಡ್ಡುಗಳು ನದಿಯ ಹೊರಳಾಟವನ್ನು ತಡೆದವು, ನಿಜ. ಬೀಳುಬಿದ್ದ ಪೂರ್ವದ ನೆಲ ಮತ್ತೆ ಹಸಿರಾಯಿತು. ಕಾಲುವೆ ಬಂತು, ರಸ್ತೆ ಬಂತು, ಊರುಗಳು ಬೆಳೆದವು. ಸಹರ್ಸಾ, ಪೂರ್ಣಿಯಾ ಕಡೆಯ ಒಂದು ತಲೆಮಾರು ನದಿಯ ಭಯವಿಲ್ಲದೆ ಬೆಳೆಯಿತು.

ಆದರೆ ಹೂಳನ್ನು ತಡೆಯುವವರು ಯಾರು? ಮೊದಲು ಬೀಸಣಿಗೆಯ ಉದ್ದಗಲಕ್ಕೆ ಹಂಚಿಹೋಗುತ್ತಿದ್ದ ಮರಳು ಈಗ ಎರಡು ಒಡ್ಡುಗಳ ನಡುವೆಯೇ ಬೀಳತೊಡಗಿತು. ಪಾತ್ರ ಏರಿತು. ಹಲವು ಕಡೆ ನದಿಯ ತಳ ಹೊರಗಿನ ಗದ್ದೆಗಿಂತ ಎತ್ತರವಾಯಿತು. ಒಡ್ಡನ್ನು ಎತ್ತರಿಸಿದರೆ ಹೂಳೂ ಅದರ ಜೊತೆಗೇ ಏರುತ್ತದೆ. ಇನ್ನು ಒಡ್ಡಿನ ಹೊರಗೆ ಬೀಳುವ ಮಳೆಯ ನೀರು, ಕೋಸಿಯನ್ನು ಸೇರಬೇಕಾಗಿದ್ದ ಸಣ್ಣಪುಟ್ಟ ಹೊಳೆಗಳ ನೀರು ಒಳಗೆ ಹೋಗಲು ದಾರಿಯಿಲ್ಲದೆ ನಿಂತಿತು. ತೂಬುಗಳನ್ನಿಟ್ಟರೆ ಅವು ಹೂಳಿನಲ್ಲಿ ಮುಚ್ಚಿದವು. ತೆರೆದಿಟ್ಟರೆ ನದಿಯ ನೀರೇ ಹೊರಕ್ಕೆ ನುಗ್ಗೀತೆಂಬ ಭಯ. ಹೀಗಾಗಿ ಪ್ರವಾಹದಿಂದ ಕಾಪಾಡಬೇಕಾದ ಹೊಲಗಳಲ್ಲಿ ವರ್ಷದ ಬಹುಕಾಲ ನೀರು ನಿಲ್ಲುವಂತಾಯಿತು.

ಬಿಹಾರದಲ್ಲಿ 1950ರ ದಶಕದ ಆರಂಭಕ್ಕೆ ನದಿ ಒಡ್ಡುಗಳ ಒಟ್ಟು ಉದ್ದ 160 ಕಿಲೋಮೀಟರ್, ಪ್ರವಾಹಕ್ಕೆ ತುತ್ತಾಗಬಲ್ಲ ಪ್ರದೇಶ 25 ಲಕ್ಷ ಹೆಕ್ಟೇರ್. 1990ರ ದಶಕದ ಹೊತ್ತಿಗೆ ಒಡ್ಡುಗಳ ಉದ್ದ 3,400 ಕಿಲೋಮೀಟರಿಗೂ ಹೆಚ್ಚಾಯಿತು. ಪ್ರವಾಹಪೀಡಿತ ಪ್ರದೇಶ 68 ಲಕ್ಷ ಹೆಕ್ಟೇರ್ ದಾಟಿತು. ಇವು ಸರ್ಕಾರಿ ಅಂಕಿಅಂಶಗಳೇ. ಎಂಜಿನಿಯರ್ ದಿನೇಶ್ ಕುಮಾರ್ ಮಿಶ್ರ ಅವರು ದಶಕಗಳ ಕಾಲ ಊರೂರು ತಿರುಗಿ, ಕಡತ ಕೆದಕಿ ಜನರ ಮುಂದಿಟ್ಟ ಪ್ರಶ್ನೆ ಇದೇ: ಮದ್ದು ಹೆಚ್ಚಿದಂತೆ ರೋಗವೂ ಹೆಚ್ಚಿದ್ದು ಏಕೆ?

ಎಲ್ಲರಿಗಿಂತ ಹೆಚ್ಚಿನ ಬೆಲೆ ತೆತ್ತವರು ಎರಡು ಒಡ್ಡುಗಳ ನಡುವೆ ಸಿಕ್ಕಿಕೊಂಡ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳ ಜನ. ಅವರಿಗೆ ಹೊರಗೆ ಮನೆಕಟ್ಟಲು ಜಾಗ ಕೊಡುವುದಾಗಿ ಸರ್ಕಾರ ಹೇಳಿತು. ಹೊಲ ಮಾತ್ರ ಒಳಗೇ ಉಳಿಯಿತು. ಹೊಲ ಬಿಟ್ಟು ಉಳುವವನು ಎಲ್ಲಿಗೆ ಹೋದಾನು? ಕೊಟ್ಟ ಜಾಗಗಳಲ್ಲಿ ಎಷ್ಟೋ ಕಡೆ ನೀರು ನಿಂತಿತು. ಹೋದವರಲ್ಲಿ ಬಹಳ ಮಂದಿ ಮರಳಿ ಒಳಗೇ ಬಂದರು. ವರ್ಷಕ್ಕೊಮ್ಮೆ ಮನೆ ಬಿಚ್ಚುವುದು, ದೋಣಿಯಲ್ಲಿ ಶಾಲೆಗೆ, ಆಸ್ಪತ್ರೆಗೆ ಹೋಗುವುದು, ಗಂಡಸರು ಪಂಜಾಬಿಗೋ ದೆಹಲಿಗೋ ಕೂಲಿಗೆ ಹೊರಡುವುದು ಅಲ್ಲಿ ಬಾಳಿನ ಕ್ರಮವೇ ಆಗಿಹೋಯಿತು. ಇವರಿಗಾಗಿ 1987ರಲ್ಲಿ ಕೋಸಿ ಪೀಡಿತ ವಿಕಾಸ ಪ್ರಾಧಿಕಾರ ರಚನೆಯಾಯಿತು. ಹೆಸರು ಕಾಗದದಲ್ಲಿ ಉಳಿದಷ್ಟು ಕೆಲಸ ನೆಲದ ಮೇಲೆ ಕಾಣಲಿಲ್ಲ.

ಕುಸಹಾದ ಆ ದಿನ

ಒಡ್ಡುಗಳು ಒಡೆಯುವುದು ಹೊಸದೇನಲ್ಲ. 1963ರಲ್ಲಿ ನೇಪಾಳದ ಡಲ್ವಾದಲ್ಲಿ, 1984ರಲ್ಲಿ ಸಹರ್ಸಾ ಜಿಲ್ಲೆಯ ನವಹಟ್ಟಾ ಬಳಿ ಒಡ್ಡು ಒಡೆದಿತ್ತು. 1968ರ ಅಕ್ಟೋಬರ್ 5ರಂದು ನದಿಯಲ್ಲಿ ಬಂದ ನೀರು 9.13 ಲಕ್ಷ ಕ್ಯೂಸೆಕ್; ಅದು ಈವರೆಗಿನ ದಾಖಲೆ. ಆದರೆ ಎಲ್ಲಕ್ಕಿಂತ ದೊಡ್ಡ ಅನಾಹುತ ಆದದ್ದು ದೊಡ್ಡ ಪ್ರವಾಹದ ದಿನವಲ್ಲ.

2008ರ ಆಗಸ್ಟ್ 18. ನದಿಯಲ್ಲಿದ್ದ ನೀರು ಒಂದೂವರೆ ಲಕ್ಷ ಕ್ಯೂಸೆಕ್ ಆಸುಪಾಸು, ಬ್ಯಾರೇಜಿನ ತಾಳಿಕೆಯ ಆರನೇ ಒಂದು ಭಾಗ. ಬ್ಯಾರೇಜಿನಿಂದ ಹನ್ನೆರಡು ಕಿಲೋಮೀಟರ್ ಮೇಲೆ, ನೇಪಾಳದ ಸುನ್ಸರಿ ಜಿಲ್ಲೆಯ ಕುಸಹಾದಲ್ಲಿ ಪೂರ್ವದ ಒಡ್ಡನ್ನು ಹಲವು ದಿನಗಳಿಂದ ಕೊರೆಯುತ್ತಿದ್ದ ನದಿ ಅದನ್ನು ಒಡೆದು ಹೊರಬಿತ್ತು. ಬಹುಪಾಲು ನೀರು ಬ್ಯಾರೇಜಿನ ಕಡೆಗೆ ಬರಲೇ ಇಲ್ಲ. ತಾನು ನೂರು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ಹಳೆಯ ಪಾತ್ರವನ್ನು ಹುಡುಕಿಕೊಂಡು ಪೂರ್ವಕ್ಕೆ ಹರಿಯಿತು. ಶಿಲ್ಲಿಂಗ್‌ಫರ್ಡ್ 113 ವರ್ಷಗಳ ಹಿಂದೆ ಹೇಳಿದ್ದು ಇದನ್ನೇ.

ಆ ಪಾತ್ರದಲ್ಲಿ ಈಗ ಊರುಗಳಿದ್ದವು. ಅಲ್ಲಿಯವರು ಹೊಳೆಯನ್ನೇ ಕಂಡವರಲ್ಲ. ದೋಣಿ ಇರಲಿಲ್ಲ, ಈಜೂ ಬರುತ್ತಿರಲಿಲ್ಲ. ಬಿಹಾರದ ಸುಪೌಲ್, ಮಧೇಪುರಾ, ಅರರಿಯಾ, ಸಹರ್ಸಾ, ಪೂರ್ಣಿಯಾ ಜಿಲ್ಲೆಗಳಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಸಂತ್ರಸ್ತರಾದರು. ಸತ್ತವರು ಐನೂರಕ್ಕೂ ಹೆಚ್ಚು. ನೇಪಾಳದಲ್ಲಿ ಹತ್ತಾರು ಸಾವಿರ ಜನ ಮನೆಮಠ ಕಳೆದುಕೊಂಡರು; ಪೂರ್ವ-ಪಶ್ಚಿಮ ಹೆದ್ದಾರಿ ಕಡಿದುಹೋಯಿತು. ನೋಡಲು ಬಂದ ಪ್ರಧಾನಿ ಮನಮೋಹನ ಸಿಂಗ್ ಇದನ್ನು ರಾಷ್ಟ್ರೀಯ ವಿಪತ್ತು ಎಂದು ಸಾರಿದರು. ಒಡೆದ ಜಾಗ ಮುಚ್ಚಿ ನದಿಯನ್ನು ಮತ್ತೆ ಬ್ಯಾರೇಜಿಗೆ ತಿರುಗಿಸಲು 2009 ಬರಬೇಕಾಯಿತು. ಆ ಹೊತ್ತಿಗೆ ಎಷ್ಟೋ ಹೊಲಗಳ ಮೇಲೆ ಆಳುದ್ದ ಮರಳು ಕೂತಿತ್ತು.

ತಪ್ಪು ಯಾರದು? ಒಡ್ಡು ಇರುವುದು ನೇಪಾಳದಲ್ಲಿ, ನೋಡಿಕೊಳ್ಳಬೇಕಾದವರು ಬಿಹಾರದವರು, ಹಣ ಕೊಡಬೇಕಾದದ್ದು ದೆಹಲಿ. ದುರಸ್ತಿಗೆ ಹೋದವರಿಗೆ ಅಲ್ಲಿ ಕೆಲಸ ಮಾಡಲು ಬಿಡಲಿಲ್ಲ ಎಂದು ಈ ಕಡೆಯವರು. ಬೇಸಿಗೆಯಲ್ಲಿ ಮಾಡಬೇಕಾದ ಕೆಲಸವನ್ನು ಮಳೆಗಾಲದಲ್ಲಿ ಮಾಡಲು ಬಂದರೆಂದು ಆ ಕಡೆಯವರು. ಕಾಕತಾಳೀಯವೆಂಬಂತೆ ನೇಪಾಳದ ಪ್ರಧಾನಿಯಾಗಿ ಪ್ರಚಂಡ ಪ್ರಮಾಣ ವಚನ ಸ್ವೀಕರಿಸಿದ್ದೂ ಅದೇ ಆಗಸ್ಟ್ 18ರಂದು. ಹಳೆಯ ಒಪ್ಪಂದದ ವಿರುದ್ಧ ಅವರು ಕಟುವಾಗಿಯೇ ಮಾತಾಡಿದರು. ಗಡಿಯ ಎರಡೂ ಬದಿಗೆ ಜವಾಬ್ದಾರಿಯನ್ನು ಆಚೆಗೆ ದಾಟಿಸುವುದು ಸುಲಭವಾಗಿತ್ತು. ನೀರನ್ನು ತಡೆಯುವುದು ಆಗಲಿಲ್ಲ.

ಮುಂದಿನ ದಾರಿ

2014ರ ಆಗಸ್ಟ್ 2ರಂದು ನೇಪಾಳದ ಜುರೆ ಎಂಬಲ್ಲಿ ಗುಡ್ಡ ಜರಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು, ಸುನ್ ಕೋಶಿಗೆ ಅಡ್ಡಗಟ್ಟೆ ಬಿದ್ದಂತಾಯಿತು. ಅದು ಒಮ್ಮೆಲೇ ಒಡೆದರೆ ಗತಿಯೇನೆಂದು ಬಿಹಾರದಲ್ಲಿ ಸಾವಿರಾರು ಜನರನ್ನು ತೆರವುಗೊಳಿಸಬೇಕಾಯಿತು. 2024ರ ಸೆಪ್ಟೆಂಬರ್ ಕೊನೆಯ ಮಳೆಗೆ ಬ್ಯಾರೇಜಿನಿಂದ 6.61 ಲಕ್ಷ ಕ್ಯೂಸೆಕ್ ನೀರು ಹರಿಯಿತು. 1968ರ ನಂತರ ಅಷ್ಟು ನೀರು ಬಂದಿರಲಿಲ್ಲ. ಕನ್ನಡದ ಓದುಗರಿಗೆ ಅಂದಾಜು ಸಿಗಬೇಕಾದರೆ, ಅಷ್ಟು ನೀರು ಹರಿದರೆ ಬರಿದಾದ ಕನ್ನಂಬಾಡಿ ಕಟ್ಟೆ ಒಂದು ದಿನ ತುಂಬುವುದರೊಳಗೆ ಭರ್ತಿಯಾಗುತ್ತದೆ. ಬ್ಯಾರೇಜು ತಾಳಿಕೊಂಡಿತು, ದರಭಂಗಾ ಜಿಲ್ಲೆಯಲ್ಲಿ ಪಶ್ಚಿಮದ ಒಡ್ಡು ಒಡೆಯಿತು.

ಬರಾಹಕ್ಷೇತ್ರದ ಎತ್ತರದ ಅಣೆಕಟ್ಟಿನ ಮಾತು ಇಂದಿಗೂ ನಿಂತಿಲ್ಲ. ಈಗಿನ ಪ್ರಸ್ತಾಪದಂತೆ ಅದರ ಎತ್ತರ 269 ಮೀಟರ್. ವಿವರವಾದ ವರದಿ ಸಿದ್ಧಪಡಿಸಲು ಎರಡೂ ದೇಶಗಳು 2004ರಲ್ಲಿ ನೇಪಾಳದಲ್ಲಿ ಜಂಟಿ ಕಚೇರಿ ತೆರೆದವು. ಮುಳುಗಡೆಯ ಭಯದಿಂದ ಅಲ್ಲಿನ ಜನ ಸಮೀಕ್ಷೆಯನ್ನೇ ವಿರೋಧಿಸಿದರು. ಅಷ್ಟು ಹೂಳು ತರುವ ನದಿಯಲ್ಲಿ ಜಲಾಶಯದ ಆಯುಷ್ಯವೆಷ್ಟು, ಭೂಕಂಪದ ಸೀಮೆಯಲ್ಲಿ ಅದರ ಭದ್ರತೆಯೆಷ್ಟು ಎಂಬ ಹಳೆಯ ಪ್ರಶ್ನೆಗಳೂ ಹಾಗೆಯೇ ಇವೆ. ಇತ್ತ 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 6,282 ಕೋಟಿ ರೂಪಾಯಿಯ ಕೋಸಿ-ಮೇಚಿ ಜೋಡಣೆಗೆ ಒಪ್ಪಿಗೆ ನೀಡಿತು. ಪೂರ್ವದ ಕಾಲುವೆಯನ್ನು ಹಿಗ್ಗಿಸಿ ಮೇಚಿ ನದಿಯವರೆಗೆ ಒಯ್ಯುವ ಈ ಯೋಜನೆಯಿಂದ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರಾವರಿ ದೊರೆಯಬೇಕು. ಆದರೆ ಕಾಲುವೆ ಹೆಚ್ಚುವರಿಯಾಗಿ ಒಯ್ಯುವುದು ಐದು ಸಾವಿರ ಕ್ಯೂಸೆಕ್ ಆಸುಪಾಸು. ಆರು ಲಕ್ಷದ ಪ್ರವಾಹಕ್ಕೆ ಅದು ಲೆಕ್ಕಕ್ಕಿಲ್ಲ.

ಕಡಿದದ್ದು ಕೂಡಿದ ಉದಾಹರಣೆಯೂ ಇದೆ. 1887ರಲ್ಲಿ ಹಾಕಿದ್ದ ನಿರ್ಮಲಿ-ಭಪ್ಟಿಯಾಹಿ ರೈಲುಹಾದಿ 1934ರ ಭೂಕಂಪ, ಪ್ರವಾಹಗಳಲ್ಲಿ ಕೊಚ್ಚಿಹೋಗಿತ್ತು. ಎದುರು ದಂಡೆಯ ಊರಿಗೆ ಜನ ನೂರಾರು ಕಿಲೋಮೀಟರ್ ಸುತ್ತಬೇಕಿತ್ತು. 2012ರಲ್ಲಿ ರಸ್ತೆ ಸೇತುವೆ, 2020ರ ಸೆಪ್ಟೆಂಬರಿನಲ್ಲಿ ರೈಲು ಸೇತುವೆ ತೆರೆದವು. 86 ವರ್ಷಗಳ ಮೇಲೆ ಮಿಥಿಲೆಯ ಎರಡು ಭಾಗಗಳು ರೈಲಿನಿಂದ ಮತ್ತೆ ಕೂಡಿದವು. ಆದರೆ ಸೇತುವೆಗಾಗಿ ನದಿಯನ್ನು ಇಕ್ಕಟ್ಟು ಮಾಡಿದ್ದರಿಂದ ನೀರು ತಮ್ಮ ಮೇಲೆ ಇನ್ನಷ್ಟು ಏರುತ್ತದೆಂಬುದು ಒಡ್ಡಿನೊಳಗಿನ ಹಳ್ಳಿಗಳ ಅಳಲು.

ಕೋಸಿ ಸೀಮೆಯ ಜನಪದರಲ್ಲಿ ನದಿ ಒಮ್ಮೆ ಯಾರ ಮಾತೂ ಕೇಳದ ಕನ್ಯೆ, ಒಮ್ಮೆ ‘ಕೋಸಿ ಮೈಯಾ’ ಎಂಬ ತಾಯಿ. ಶಾಪ ಹಾಕುವ ಬಾಯಿಯೇ ಹರಕೆಯನ್ನೂ ಹೊರುತ್ತದೆ. ದುಃಖ ತರುವವಳೆಂದು ಅವಳಿಗೆ ಹೆಸರಿಟ್ಟವರು ಅವಳ ದಂಡೆಯವರಲ್ಲ, ದೂರದಲ್ಲಿ ಕುಳಿತು ಪುಸ್ತಕ ಬರೆದವರು. ನದಿ ಹೂಳು ತರುವುದನ್ನು ಬಿಡುವುದಿಲ್ಲ, ಹೊರಳುವುದನ್ನೂ ಬಿಡುವುದಿಲ್ಲ. ಅದಕ್ಕೆ ಎಷ್ಟು ಜಾಗ ಬಿಡಬೇಕು, ಜಾಗ ಬಿಟ್ಟವರಿಗೆ ಏನು ಕೊಡಬೇಕು ಎಂಬುದನ್ನು ಪಟ್ನಾ, ದೆಹಲಿ, ಕಠ್ಮಂಡುಗಳು ಕೂಡಿ ತೀರ್ಮಾನಿಸಬೇಕಾಗಿದೆ. ಅಲ್ಲಿಯವರೆಗೆ ಪ್ರತಿ ಆಷಾಢದಲ್ಲಿ ಒಡ್ಡಿನೊಳಗಿನ ಹಳ್ಳಿಗಳಲ್ಲಿ ಜನ ಮನೆಯ ಬಿದಿರು ಬಿಚ್ಚಿ ದೋಣಿಗೆ ಹೇರುತ್ತಲೇ ಇರುತ್ತಾರೆ.